ಕಾಟು ಹಾಕಿದ ಹಂಪಿ

ಅವರ ಬಲಗಣ್ಣಿನ ಸುತ್ತ ದುಂಡನೆಯದೊಂದು ಗುರುತಿತ್ತು. ಮೂವತ್ತು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡಿದ್ದರಿಂದ ಬಿದ್ದದ್ದು. ಸಿಂದಗಿಯಲ್ಲಿ ನಾವೆಲ್ಲ ಅವರನ್ನು ಗಡಿಯಾರದ ಚಾಚಾ ಎನ್ನುತ್ತಿದ್ದೆವು.

ಚಾಚಾ ಪರದೇಶದವರೊಡನೆ ಚಿತ್ರದ ಕಾರ್ಡುಗಳನ್ನು ಅದಲುಬದಲು ಮಾಡುತ್ತಿದ್ದರು. ವಿಶ್ವ ಪರಂಪರೆಯ ತಾಣಗಳವು ಮಾತ್ರ. ಇಲ್ಲಿಂದ ಅಜಂತಾ ಹೋದರೆ ಅಲ್ಲಿಂದ ಅವರ ಕೋಟೆಯೋ ಚರ್ಚೋ ಬರುತ್ತಿತ್ತು. ಲಕೋಟೆ ನಡೆಯದು; ಕಾರ್ಡಿನ ಮೇಲೆಯೇ ಊರಿನ ಅಂಚೆ ಮುದ್ರೆ ಬೀಳಬೇಕು. ಇಂಗ್ಲಿಷ್ ಬಾರದ ಅವರಿಗೆ, ಡಿಗ್ರಿ ಓದುತ್ತಿದ್ದ ನಾನು ಬರೆದುಕೊಡುತ್ತಿದ್ದೆ. "ಕುಂತಲ್ಲೇ ದುನಿಯಾ ತಿರಗಾಕತ್ತೇನಿ ನೋಡು, ಬಸ್ಸಿನ ಧೂಳಿಲ್ಲ" ಎಂದು ನಗುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ದೂರದ ನಗರದಲ್ಲೆಲ್ಲೋ ಬಾಂಬು ಸಿಡಿದ ವಾರವೇ ಪೋರ್ಚುಗಲ್ಲಿನ ಮುದುಕಿಯೊಬ್ಬಳ ಕಾರ್ಡು ಬಂತು. ತಮ್ಮ ಬಳಿ ಇರುವ ಚಿತ್ರದ ಹೆಸರಿಗೆ ಅಡ್ಡಗೆರೆ ಎಳೆದು ಕಾಟು ಹಾಕಿ, ಬೇಕಾದದ್ದನ್ನು ಹಾಗೇ ಬಿಡುವುದು ಸಂಗ್ರಾಹಕರ ರೂಢಿ. ಅವಳು ಬರೆದಿದ್ದ ನಮ್ಮ ತಾಣಗಳ ಯಾದಿಯಲ್ಲಿ ಹಂಪಿ, ಅಜಂತಾ, ಕೋನಾರ್ಕಗಳಿಗೆ ಕಾಟು ಬಿದ್ದಿತ್ತು; ಪಟ್ಟದಕಲ್ಲು ಮಾತ್ರ ಹಾಗೇ ಉಳಿದಿತ್ತು. ಉತ್ತರ ಬರೆಯಲು ನಾನು ಅಂಗಡಿಯಲ್ಲಿ ಕೂತಿದ್ದಾಗ, ಗಡಿಯಾರ ಒಯ್ಯಲು ಬಂದವನೊಬ್ಬ ಮೇಜಿನ ಮೇಲಿದ್ದ ಆ ಕಾರ್ಡನ್ನು ಅಕ್ಷರ ಕೂಡಿಸಿ ಓದಿಕೊಂಡು, ಎತ್ತಿಕೊಂಡೇ ಹೋದ. ಅರ್ಧ ಗಂಟೆಯಲ್ಲಿ ಮೂವತ್ತು ಜನರೊಂದಿಗೆ ಮರಳಿದ.

"ಬಾಂಬ್ ಇಡೂ ಯಾದಿ ಐತಿ ಇದು! ಇನ್ನ ಪಟ್ಟದಕಲ್ಲ ಒಂದ ಉಳದೈತಿ!"

ಒಬ್ಬ ಚಾಚಾರ ಕೊರಳಪಟ್ಟಿ ಹಿಡಿದ. "ಚಿತ್ರದ ಯಾದಿ ಅದು" ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಡು ನನ್ನ ಮುಖದ ಮುಂದೆ ಬಂತು.

"ಏ ಕಾಲೇಜ್ ಸಾಹೇಬ, ನೀ ಓದು."

ಓದಿದೆ. ಹೆಸರುಗಳನ್ನಷ್ಟೇ.

"ಕಾಟ್ ಯಾಕ ಹೊಡದಾರ?"

ನನಗೆ ಗೊತ್ತಿತ್ತು. ಆ ಮುದುಕಿಗೆ ಹೋದ ಹಂಪಿಯ ಕಾರ್ಡಿಗೆ ವಿಳಾಸ ಬರೆದವನೇ ನಾನು. ನನ್ನನ್ನೂ ಹಿಡಿದರೆ? ಚಾಚಾ ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ. ಮೊದಲ ಕಲ್ಲು ಗೋಡೆ ಗಡಿಯಾರದ ಗಾಜಿಗೆ ಬಿತ್ತು, ಎರಡನೆಯದು ಅವರ ಹುಬ್ಬಿಗೆ.

ಜನರನ್ನು ಸೀಳಿಕೊಂಡು ಓಣಿಯ ಪೋಸ್ಟ್‌ಮ್ಯಾನ್ ಒಳಬಂದ. "ತಮ್ಮ ಕಡೆ ಇದ್ದ ಚಿತ್ರಕ್ಕ ಕಾಟ್ ಹೊಡೀತಾರ್ರೋ ಮಂಗ್ಯಾಗಳ್ರ್ಯಾ! ಹತ್ತ ವರ್ಸಾತು, ಈ ಕಾರ್ಡ್ ನಾನ ತಂದ ಕೊಡ್ತೇನಿ. ಹಿಡಿಯೂದಾದ್ರ ಮೊದಲ ನನ್ನ ಹಿಡೀರಿ!"

ಯಾರೋ ನಕ್ಕರು. ಕೊರಳಪಟ್ಟಿಯ ಕೈ ಸಡಿಲಿತು.

ಜನ ಕರಗಿದ ಮೇಲೆ ನಾನು ಏನೋ ಹೇಳಹೋದೆ. ಹುಬ್ಬಿಗೆ ಕರವಸ್ತ್ರ ಒತ್ತಿಕೊಂಡಿದ್ದ ಚಾಚಾ ತಡೆದರು. "ಇರ್ಲಿ ಬಿಡಪ್ಪಾ. ನೀ ಸುಳ್ಳ ಏನೂ ಓದಲಿಲ್ಲ."

ಪಟ್ಟದಕಲ್ಲಿನ ಕಾರ್ಡು ಹೋಗಲೇ ಇಲ್ಲ. ಮುದುಕಿಯಿಂದ ಮತ್ತೆರಡು ಬಂದವೆಂದು ಪೋಸ್ಟ್‌ಮ್ಯಾನ್ ಹೇಳಿದ. ಚಾಚಾ ಅವನ್ನು ನನಗೆ ಓದಲು ಕೊಡಲಿಲ್ಲ. ನಾಲ್ಕು ವರ್ಷದ ನಂತರ ಅವರು ತೀರಿಕೊಂಡಾಗ ಹೆಗಲು ಕೊಟ್ಟೆ.

ಅಂದು ಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಈಗಲೂ ಬಚ್ಚಲಲ್ಲಿ, ಖಾಲಿ ರಸ್ತೆಯಲ್ಲಿ ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಒಮ್ಮೆಯೂ ತಡವರಿಸುವುದಿಲ್ಲ.