ಅವರಿಲ್ ಎಂದು ಹೆಸರಿಟ್ಟ ಮೇಲೆ

ಬಟ್ಟೆಗೆ ಅಂಟಿಸುವ ಹೆಸರುಪಟ್ಟಿಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಹಿಂಬದಿಯ ಅಂಟು ಕರಗಿ ಒಂದು ವಾಸನೆ ಏಳುತ್ತದೆ. ಸೀದ ಹಾಲಿನ ವಾಸನೆಗೂ ಆಸ್ಪತ್ರೆಯ ವಾಸನೆಗೂ ನಡುವಿನದು. ಇವತ್ತು ಬೆಳಿಗ್ಗೆ ಮಗಳ ಮಲಗುವ ಚೀಲಕ್ಕೆ ಅಂಥದೊಂದು ಪಟ್ಟಿ ಅಂಟಿಸುತ್ತಿದ್ದೆ. ಶಾಲೆಯವರು ಹುಡುಗಿಯರನ್ನೆಲ್ಲ ಅಲ್ ಐನ್ ಆಚೆಯ ಮರಳುಗಾಡಿಗೆ ಕರೆದುಕೊಂಡು ಹೋಗಿ ಡೇರೆಯಲ್ಲಿ ಮಲಗಿಸುತ್ತಾರಂತೆ. "ಅಮ್ಮಾ, ಮಾರ್ಕರ್‌ನಲ್ಲಿ ಬರೆದ್ರೆ ಸಾಕು. ನೋಬಡಿ ಅಯರ್ನ್ಸ್ ಲೇಬಲ್ಸ್" ಎಂದಳು. ಮಾರ್ಕರಿನ ಅಕ್ಷರ ಅಳಿಸಿಹೋದರೆ? ಹೋದರೆ ಏನಾಗುತ್ತದೆ ಎಂದು ನೀವು ಕೇಳಬೇಡಿ. ನಾನು ಮೊದಲೇ ಹೆದರುಪುಕ್ಕಲಿ, ಅದರಲ್ಲೂ ಈ ಹೆಸರಿನ ಮಟ್ಟಿಗೆ ನನ್ನ ಹೆದರಿಕೆಗೆ ಒಂದು ಚರಿತ್ರೆಯೇ ಇದೆ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ, ಕೂತುಕೊಳ್ಳಿ, ಹೇಳುತ್ತೇನೆ.

ಹೆಸರು ಅವರಿಲ್. ನನ್ನ ತವರು ಗದಗ, ನಮ್ಮವರು ಉಡುಪಿ ಕಡೆಯ ತುಳುವರು. ಇಂಥ ಇಬ್ಬರಿಗೆ ಅಬುಧಾಬಿಯಲ್ಲಿ ಹುಟ್ಟಿದ ಮಗುವಿಗೆ ಇಂಗ್ಲಿಷರೇ ಮರೆತಿರುವ ಹೆಸರು ಎಲ್ಲಿಂದ ಬಂತು ಎಂದು ಜನ ಕೇಳುತ್ತಾರೆ. ಒಂದು ನರ್ಸಿನ ಎದೆಯ ಬಿಲ್ಲೆಯಿಂದ ಬಂತು. ಅದಕ್ಕೆ ಮೊದಲು ಎರಡು ಸಲ ನನಗೆ ಗರ್ಭ ನಿಂತಿರಲಿಲ್ಲ. ಈ ಸಲ ಹೆರಿಗೆ ಕೋಣೆಯಲ್ಲಿ ನನ್ನ ಕೈ ಹಿಡಿದು ನಿಂತವಳು ಒಬ್ಬ ಇಂಗ್ಲಿಷ್ ನರ್ಸು. ವಯಸ್ಸಾದವಳು, ಹುಬ್ಬು ಕೂಡ ನೆರೆತಿತ್ತು. ನನ್ನ ಉಗುರು ಮಣಿಕಟ್ಟಿನೊಳಗೆ ಇಳಿದರೂ ಅವಳು ಕೈ ಬಿಡಲಿಲ್ಲ. ಆ ಹೊತ್ತಿನಲ್ಲಿ ಕಣ್ಣೆದುರಿಗೆ ಓದಲು ಇದ್ದದ್ದು ಅವಳ ಬಿಲ್ಲೆಯೊಂದೇ. ಅದನ್ನೇ ಮಂತ್ರದ ಹಾಗೆ ಓದುತ್ತ ಇದ್ದೆ. ಮಗು ಅತ್ತಿತು. "ಇವಳಿಗೆ ನಿಮ್ಮ ಹೆಸರೇ ಇಡುತ್ತೇನೆ" ಎಂದೆ.

ಅವಳು ನಕ್ಕಳು. "ಪಾಪ, ಆ ಮಗು ನಿನಗೇನು ಮಾಡಿತ್ತು? ನಮ್ಮ ಕಡೆ ಈಗ ಈ ಹೆಸರಿನವರು ಸಿಗಬೇಕಾದರೆ ವೃದ್ಧಾಶ್ರಮಕ್ಕೆ ಹೋಗಬೇಕು" ಎಂದಳು. ಅರ್ಥ ಕೇಳಿದೆ. ಏಪ್ರಿಲ್ ತಿಂಗಳು ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ನನ್ನ ಮಗಳು ಹುಟ್ಟಿದ್ದು ಆಗಸ್ಟಿನ ಬೆಂಕಿಯಲ್ಲಿ. ಆದರೇನು, ಏಪ್ರಿಲ್ ಎಂದರೆ ಮಾವಿನ ಕಾಲ ಎಂದು ಸಮಾಧಾನ ಮಾಡಿಕೊಂಡೆ.

ಈ ಹೆಸರನ್ನು ಕನ್ನಡದವರೆದುರು ಹೇಳಿ ನೋಡಬೇಕು, ಆಗ ಗೊತ್ತಾಗುತ್ತದೆ ಫಜೀತಿ. ಕನ್ನಡ ಸಂಘದವರೊಬ್ಬರು ಫೋನಿನಲ್ಲಿ "ಮಗಳ ಹೆಸರೇನು?" ಎಂದರು. "ಅವರಿಲ್" ಎಂದೆ. "ಅವರಿಲ್ವಾ? ಪರವಾಗಿಲ್ಲ ಬಿಡಿ, ಅವರು ಬಂದ ಮೇಲೆ ಕೇಳ್ತೇನೆ" ಎಂದು ಇಟ್ಟೇಬಿಟ್ಟರು. ಇಂಥವಕ್ಕೆ ನಾವು ಗಂಡಹೆಂಡಿರು ನಗುತ್ತಿದ್ದೆವು. ನಕ್ಕಿದ್ದು ಮಗುವಿಗೆ ಎರಡು ವರ್ಷ ತುಂಬುವವರೆಗೆ.

ಆಗ ನಮ್ಮವರಿಗೆ ಕೆಲಸ ದುಬೈಯ ರಾಸ್ ಅಲ್ ಖೋರ್‌ನಲ್ಲಿ, ಗಾಡಿಗಳ ಬಿಡಿಭಾಗದ ಅಂಗಡಿಯಲ್ಲಿ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾನೂ ಮಗುವೂ ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾದಲ್ಲಿ ಇದ್ದೆವು. ವಿಲ್ಲಾ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ, ಅದರ ಮಾಲೀಕ ನಡುವೆ ಜಿಪ್ಸಮ್ ಗೋಡೆ ಎಬ್ಬಿಸಿ ಹಂಚಿದ ಒಂದು ತುಂಡು. ಗೋಡೆಯಾಚೆ ಭಟ್ಕಳದ ಸಫಿಯಾ ಇದ್ದರು. ಒಂದು ಮಧ್ಯಾಹ್ನ ಜ್ವರ ಬಂದಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡಿತು. ಕಣ್ಣು ಮೇಲಕ್ಕೆ ಹೋಯಿತು. ನಾನು ಕಿರುಚಿದ್ದು ಗೋಡೆಯಾಚೆ ಕೇಳಿ ಸಫಿಯಾ ಓಡಿಬಂದರು, ಇಬ್ಬರೂ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಓಡಿದೆವು. ನಮ್ಮವರ ಫೋನು ಬಂದಾಗ ನಾನು ಮಗುವನ್ನು ಡಾಕ್ಟರ ಕೈಗೆ ಕೊಡುತ್ತಿದ್ದೆ, ಸಫಿಯಾ ತೆಗೆದುಕೊಂಡರು. "ಅಣ್ಣಾ, ನಾವು ಆಸ್ಪತ್ರೆಯಲ್ಲಿದ್ದೇವೆ. ಅವರಿಲ್…" ಎನ್ನುವಷ್ಟರಲ್ಲಿ ಚಾರ್ಜು ಮುಗಿದು ಫೋನು ಸತ್ತುಹೋಯಿತು.

ನಮ್ಮವರಿಗೆ ಅದು 'ಅವರಿಲ್ಲ' ಎಂದು ಕೇಳಿಸಿತು. ಎರಡು ವರ್ಷದ ಮಗುವಿಗೆ ಯಾರೂ 'ಅವರು' ಎನ್ನುವುದಿಲ್ಲ. ಆದ್ದರಿಂದ ಸತ್ತವಳು ನಾನೇ ಎಂದು ನಮ್ಮವರು ತೀರ್ಮಾನಿಸಿದರು. ರಾಸ್ ಅಲ್ ಖೋರ್‌ನಿಂದ ಅಬುಧಾಬಿಯವರೆಗೆ, ಅಷ್ಟುದ್ದದ ನೇರ ರಸ್ತೆಯಲ್ಲಿ, ಅವರು ಹೆಂಡತಿ ಸತ್ತ ಗಂಡಸಾಗಿ ಗಾಡಿ ಓಡಿಸಿಕೊಂಡು ಬಂದರು. ಬಂದವರಿಗೆ ಕಂಡದ್ದು ಕಾರಿಡಾರಿನ ಬೆಂಚಿನ ಮೇಲೆ ಕೂತು, ಸಫಿಯಾ ಒತ್ತಾಯಕ್ಕೆ ಬಿಸ್ಕತ್ತು ತಿನ್ನುತ್ತಿರುವ ನಾನು. ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. "ನೀನು ಇದ್ದೀಯಾ?" ಎಂದರು. "ಇಲ್ಲೇ ಇದ್ದೀನಲ್ರೀ" ಎಂದೆ. ಮಗುವೂ ಉಳಿದಿದೆ, ಜ್ವರ ಏರಿ ಬಂದ ಫಿಟ್ಸು, ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಅವರ ತುಟಿಗೆ ಬಣ್ಣ ಬರಲಿಲ್ಲ. "ಎಂಥ ಹೆಸರು ಮಾರಾಯ್ತಿ ಇದು. ಬದಲಿಸುವ" ಎಂದರು.

ನನಗೆ ಆ ನರ್ಸಿನ ಕೈ ನೆನಪಾಯಿತು. ಏಪ್ರಿಲ್ ತಿಂಗಳಿನಂಥ ಹೆಸರು, ಬಿಡುವುದೇಕೆ? ಮಗು ಮಲಗಿರುವಾಗ, ಹೆಸರಿನ ಪರವಾಗಿ ನಾಲ್ಕು ಮಾತು ಸಿಗಲಿ ಎಂದು ನಮ್ಮವರ ಫೋನಿನಲ್ಲಿ ಹುಡುಕಿದೆ. ಹೆಸರುಗಳ ಅರ್ಥ ಹೇಳುವ ಒಂದು ತಾಣ ಸಿಕ್ಕಿತು. ಏಪ್ರಿಲ್ ಎನ್ನುವುದು ದನಿ ಕೇಳಿ ಜನ ಆಮೇಲೆ ಕಟ್ಟಿಕೊಂಡ ಅರ್ಥವಂತೆ. ಮೂಲ ಹಳೆಯ ಇಂಗ್ಲಿಷಿನ ಎರಡು ಶಬ್ದ. ಒಂದು ಕಾಡುಹಂದಿ, ಇನ್ನೊಂದು ಯುದ್ಧ. ಕೆಳಗೆ ಆ ಹೆಸರು ಯಾವ ಕಾಲದಲ್ಲಿ ಎಷ್ಟು ಚಾಲ್ತಿಯಲ್ಲಿತ್ತು ಎಂದು ತೋರಿಸುವ ಗೆರೆ. ಹಿಂದೆಂದೋ ಸ್ವಲ್ಪ ತಲೆ ಎತ್ತಿ, ಆಮೇಲೆ ನೆಲಕ್ಕೆ ಮಲಗಿಕೊಂಡು ಹಾಗೆಯೇ ಉಳಿದಿತ್ತು. ಮಗುವಿನ ಹಾಸಿಗೆಯ ಪಕ್ಕದ ಯಂತ್ರದಲ್ಲೂ ಒಂದು ಗೆರೆ ಓಡುತ್ತಿತ್ತು. ಫೋನು ಆರಿಸಿಬಿಟ್ಟೆ.

ಗದಗದಲ್ಲೇ ಇದ್ದಿದ್ದರೆ ಹಂದಿ ಎಂದರೆ ನನಗೆ ಹಂದಿಯೇ, ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸೇರಿದ ಮನೆ ಎಂಥದು? ಅಲ್ಲಿ ಪಂಜುರ್ಲಿ ಇದೆ. ಹಂದಿಯ ರೂಪದ ದೈವ, ಮನೆ ಕಾಯುವಂಥದ್ದು. ನಂಬಿದವರನ್ನು ಅದು ಬಿಡುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಆ 'ಬಿಡುವುದಿಲ್ಲ' ನನಗೆ ಮೊದಲಿನಿಂದಲೂ ಎರಡು ರೀತಿಯಲ್ಲಿ ಕೇಳಿಸುತ್ತಿತ್ತು. ಗಂಡುಮಕ್ಕಳೆಲ್ಲ ಗಲ್ಫ್ ಸೇರಿ, ಅದಕ್ಕೆ ವರ್ಷವರ್ಷ ಮಾಡುವ ತಂಬಿಲದ ಸೇವೆ ನಿಂತುಹೋಗಿತ್ತು. ನಾವು ಊರಲ್ಲಿ ಬಿಟ್ಟುಬಂದೆವು ಎಂದುಕೊಂಡಿದ್ದ ದೈವ ಸಮುದ್ರ ದಾಟಿ, ಒಬ್ಬ ಇಂಗ್ಲಿಷ್ ನರ್ಸಿನ ಬಿಲ್ಲೆಯಲ್ಲಿ ಕೂತು, ನನ್ನ ಬಾಯಿಂದಲೇ ಕರೆಸಿಕೊಂಡು ಮನೆಯೊಳಗೆ ಬಂದಿತ್ತು. ಆ ಹಾಸಿಗೆಯ ಪಕ್ಕದಲ್ಲಿ ನನ್ನ ಬೆನ್ನು ತಣ್ಣಗಾದದ್ದು ಏಸಿಯಿಂದಲ್ಲ.

ಯಾರಿಗೂ ಹೇಳಲಿಲ್ಲ. ಹೆಸರು ಬದಲಿಸುವ ಮಾತು ಬಂದಾಗಲೆಲ್ಲ ಪಾಸ್‌ಪೋರ್ಟು, ವೀಸಾ, ಎಮಿರೇಟ್ಸ್ ಐಡಿ ಎಲ್ಲ ಬದಲಾಗಬೇಕು, ಯಾರು ಓಡಾಡುತ್ತಾರೆ ಎಂದು ಸಬೂಬು ಹೇಳಿದೆ. ನಮ್ಮವರು ಅದನ್ನು ಸೋಮಾರಿತನ ಎಂದುಕೊಂಡರು. ಬಂದು ಕೂತದ್ದನ್ನು ಎದ್ದು ಹೋಗು ಎನ್ನುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಮಗುವಿನ ಮೈ ಸ್ವಲ್ಪ ಬೆಚ್ಚಗಾದರೂ ನಾನು ಮನಸ್ಸಿನಲ್ಲಿ ಕೈ ಮುಗಿಯುತ್ತಿದ್ದೆ, ಯಾರಿಗೆ ಎಂದು ಹೆಸರು ಹೇಳದೆ.

ಅವಳಿಗೆ ಏಳು ವರ್ಷವಾದಾಗ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಇಲ್ಲಿ ನಿಮಗೆ ತುಳುವಿನ ಒಂದು ಮಾತು ಹೇಳಬೇಕು. ಚಿಕ್ಕವರನ್ನು 'ಬಾ' ಎಂದು ಕರೆಯಲು ತುಳುವಿನಲ್ಲಿ 'ಬಲ' ಎನ್ನುತ್ತಾರೆ, 'ಬನ್ನಿ' ಎನ್ನಲು 'ಬಲೆ'. ಮದುವೆಯಾದ ಹೊಸತರಲ್ಲಿ ಅತ್ತೆ ಬಾಗಿಲಲ್ಲಿ ನಿಂತು ನೆಂಟರಿಗೆಲ್ಲ "ಬಲೆ, ಬಲೆ" ಎನ್ನುವಾಗ ನಾನು ಎಲ್ಲಿ ಬಲೆ ಎಂದು ನೆಲ ನೋಡಿದ್ದೆ. ಮೊಮ್ಮಗಳನ್ನು ಅವರು ಬಂದ ದಿನದಿಂದ "ಬಲ ಮಗಾ" ಎಂದೇ ಕರೆದು ತಲೆ ಬಾಚುತ್ತಿದ್ದರು.

ಒಂದು ಸಂಜೆ ಅವಳು ಶಾಲೆಯಿಂದ ಚಾರ್ಟು ಸುತ್ತಿಕೊಂಡು ಬಂದಳು. ತನ್ನ ಹೆಸರಿನ ಕಥೆ ಎಂಬ ಪ್ರಾಜೆಕ್ಟು, ಅರ್ಥವನ್ನು ಟೀಚರು ನೆಟ್ಟಿನಲ್ಲಿ ಹುಡುಕಿ ಕೊಟ್ಟಿದ್ದರಂತೆ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅಜ್ಜಿಯ ಕಾಲ ಬಳಿ ಬಿಡಿಸಿ ಹಾಸಿಯಾಗಿತ್ತು. ದಾಡೆ ಎತ್ತಿ ನಿಂತ ಕಪ್ಪು ಕಾಡುಹಂದಿ, ಕಣ್ಣಿಗೆ ಕೆಂಪು ಕ್ರೇಯಾನು. "ಅಜ್ಜಿ, ದಿಸ್ ಈಸ್ ಮೀ. ಮೈ ನೇಮ್" ಎಂದಳು. ಅಜ್ಜಿಗೆ ಅರ್ಥವಾಗಲಿಲ್ಲವೆಂದು ತನಗೆ ಗೊತ್ತಿದ್ದ ತುಳುವಿನಲ್ಲಿ "ಪಂಜಿ" ಎಂದು ಸೇರಿಸಿದಳು. ಹಂದಿ ಎಂದು.

ಅತ್ತೆ ನನ್ನ ಮುಖ ನೋಡಿದರು. ನಾನು ಸೌಟು ಹಿಡಿದು ನಿಂತೇ ಇದ್ದೆ. ಅವರು ಎದ್ದು ಕೈಕಾಲು ತೊಳೆದು, ದೇವರ ಗೂಡಿನ ದೀಪ ಹಚ್ಚಿ, ಅಲ್ಲೇ ಕೂತು, ತಿರುಗಿ ಮೊಮ್ಮಗಳನ್ನು ನೋಡಿ "ಬಲೆ" ಎಂದರು.

ಮಗುವಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅವಳ ಇಂಗ್ಲಿಷಿನಲ್ಲಿ ನೀನೂ ಒಂದೇ ನೀವೂ ಒಂದೇ. ಹೋಗಿ ಅಜ್ಜಿಯ ತೊಡೆಯ ಮೇಲೆ ಕೂತಳು. ಅತ್ತೆ ಅವಳ ತಲೆ ಮುಟ್ಟಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ತಡೆಯಲಾರದೆ ಕೇಳಿದೆ, "ಅತ್ತೆ, ಮಗುವಿಗೆ ಯಾಕೆ ಬಲೆ ಅಂದ್ರಿ?"

"ನಾನು ಮಗುವಿಗೆ ಹೇಳಿದ್ದಲ್ಲ" ಎಂದರು.

ಊರಿಗೆ ಮರಳಿದವರೇ ತಂಬಿಲ ಮತ್ತೆ ಶುರು ಮಾಡಿಸಿದರು. ಮಗಳಿಗೆ ಆಮೇಲೆ ಒಂದು ಕೆಮ್ಮೂ ಬಂದಿಲ್ಲ. ಇದನ್ನು ನೆಮ್ಮದಿ ಎಂದು ನೀವು ಎಣಿಸಬಹುದು. ನಾನೂ ಎಣಿಸಲು ನೋಡಿದ್ದೇನೆ, ಆದರೆ ಕಾಯುವವರು ಒಂದು ದಿನ ತಮ್ಮದನ್ನು ಕೇಳಿದರೆ ಎಂಬ ಭಯ ಹೋಗುವುದಿಲ್ಲ. ನಿನ್ನೆ ಅತ್ತೆ ಫೋನು ಮಾಡಿದಾಗ, ಅವಳನ್ನು ಮರಳುಗಾಡಿಗೆ ಕಳಿಸಲು ಹೆದರಿಕೆಯಾಗುತ್ತಿದೆ ಎಂದೆ. "ಹೋಗಲಿ ಬಿಡು" ಎಂದರು. "ಮರಳುಗಾಡೂ ಕಾಡೇ ಅಲ್ವಾ. ಅವರಿಗೆ ಗೊತ್ತುಂಟು." 'ಅವರು' ಎಂದದ್ದು ಶಾಲೆಯವರನ್ನಲ್ಲ.

ಬಸ್ಸಿನ ಹಾರ್ನು ಕೇಳಿಸಿತು. ಅಂಟಿಸಿದ ಪಟ್ಟಿ ಇನ್ನೂ ಬೆಚ್ಚಗಿದ್ದ ಚೀಲವನ್ನು ಅವಳು ಹೆಗಲಿಗೇರಿಸಿಕೊಂಡಳು. ಗೇಟಿನವರೆಗೆ ಹೋದೆ. ಅತ್ತೆ ಮನೆಯ ರೂಢಿಯಂತೆ "ಪೋದು ಬಲ", ಹೋಗಿ ಬಾ ಎನ್ನಬೇಕೆಂದು ಬಾಯಿ ತೆರೆದೆ. "ಪೋದು ಬಲೆ" ಎಂದು ಬಂತು. "ಓಕೆ ಅಮ್ಮಾ, ಬೈ" ಎಂದು ಅವಳು ಹತ್ತಿಬಿಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಪಾದ ಚುರುಗುಟ್ಟಿ ಕೆಳಗೆ ನೋಡಿಕೊಂಡೆ. ಕಾದ ಕಲ್ಲಿನ ಮೇಲೆ, ಚಪ್ಪಲಿ ಬದಿಗೆ ಕಳಚಿಟ್ಟು, ಬರಿಗಾಲಲ್ಲಿ ನಿಂತಿದ್ದೆ.