ಜಂಪರಿಗೆ ಕಾಲಿನ ಅಳತೆ ಯಾಕೆ?

ನನ್ನ ಫೋನು ನನ್ನದು. ಅದರೊಳಗಿರುವ ಬೆನ್ನುಗಳು ನನ್ನವಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯವರಿಗೆ ಇಷ್ಟು ಹೇಳಿದ್ದಕ್ಕೆ ನಾನು ಒಂದಿಡೀ ಲಗ್ನದ ಸೀಜನ್ನಿನ ಕೆಲಸ ಕಳೆದುಕೊಂಡೆ. ಮತ್ತೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ, ಇನ್ನಷ್ಟು ಜೋರಾಗಿ.

ಮಾಳಮಡ್ಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ನಮ್ಮ ಕಡೆ ಅದಕ್ಕೆ ಜಂಪರ್ ಅನ್ನುತ್ತಾರೆ. ನಮ್ಮವ್ವ ಮಿಶನ್ ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಕಲಿತಳು, ನಾನು ಅವ್ವನಿಂದ ಕಲಿತೆ. ಕೋಣೆಯ ಮೂಲೆಗೆ ಒಂದು ಪರದೆ ಇದೆ. ಅದು ಎಳೆದಿದ್ದಾಗ ನಮ್ಮ ಯಜಮಾನರು ತಮ್ಮ ಕನ್ನಡಕ ಬೇಕಾದರೂ ಪಡಸಾಲೆಯಲ್ಲೇ ನಿಂತು ಕೆಮ್ಮುತ್ತಾರೆ. ಪರದೆಯ ಆಚೆ ಕಂಡದ್ದನ್ನು ಈಚೆ ತರುವ ಹೊಲಿಗೆಯವಳ ಕೈಗೆ ಕತ್ತರಿ ಕೊಡಬಾರದು ಎಂದು ಅವ್ವ ಹೇಳುತ್ತಿದ್ದಳು.

ಅವ್ವನ ಕಾಲಕ್ಕೆ ಫೋನಿರಲಿಲ್ಲ. ಈಗ ಲಗ್ನವಾಗಿ ಬೇರೆ ಊರಿಗೆ ಹೋದವರು, ನೌಕರಿಯವರು, ಟ್ರಯಲ್ಲಿಗೆ ಬರಲಾಗದೆ ಜಂಪರ್ ತೊಟ್ಟು ಫೋಟೋ ಕಳಿಸುತ್ತಾರೆ. "ಅಕ್ಕಾರ, ಬಗಲಾಗ ಹಿಡಿಯಾಕತ್ತೈತಿ ನೋಡ್ರಿ," ಎಂದು ಒಂದು ಸಾಲು. ಸುಕ್ಕು ಎಲ್ಲಿ ಬಿದ್ದಿದೆ ಎಂದು ನೋಡಿದರೆ ಎಲ್ಲಿ ಬಿಚ್ಚಬೇಕೆಂದು ನನಗೆ ತಿಳಿಯುತ್ತದೆ. ಹೀಗಾಗಿ ನನ್ನ ಫೋನಿನಲ್ಲಿ ಮೊಮ್ಮಗಳ ಫೋಟೋಗಿಂತ ಊರ ಹೆಂಗಸರ ಬೆನ್ನು, ಭುಜ, ತೋಳುಗಳೇ ಹೆಚ್ಚು.

ಅವರಲ್ಲಿ ಒಬ್ಬಾಕೆಯ ಬಗ್ಗೆ ಹೇಳಬೇಕು. ಗಬ್ಬೂರಿನಾಕೆ ಅನ್ನೋಣ. ಅಲ್ಲಿಯವಳು ಅಲ್ಲದಿರಲೂಬಹುದು, ಗುರುತು ಸಿಗದಿರಲೆಂದು ನಾನೇ ಊರು ಬದಲಿಸಿರಬಹುದು. ಮೊದಲು ಬಂದಾಗ ಕಡು ಬೇಸಿಗೆ. ಆಕೆ ಎರಡೂ ಭುಜದ ಮೇಲೆ ಸೆರಗು ಹೊದ್ದು, ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ಬೆವರುತ್ತ ಕುಳಿತಿದ್ದಳು. ಆಮೇಲೆ ಪರದೆಯೊಳಗೆ ಬಂದು ಸೆರಗು ಸರಿಸಿ, "ಅಕ್ಕಾರ, ಒಂದು ಕಡೆ ತಗದಾರ್ರಿ," ಎಂದಳು. ಎದೆಯ ಕ್ಯಾನ್ಸರ್ ಆಗಿತ್ತು. ಗಂಡನಿಗೆ ಮತ್ತು ತವರುಮನೆಯವರಿಗೆ ಬಿಟ್ಟರೆ ಯಾರಿಗೂ ತಿಳಿಯದು.

"ನನಗೇನು ನಾಚಿಕಿ ಇಲ್ರಿ," ಎಂದಳು. "ಆದ್ರ ಮಗಳು ಲಗ್ನಕ್ಕ ಬಂದಾಳ. ತಾಯಿಗೆ ಬಂದದ್ದು ಮಗಳಿಗೂ ಬರತೈತಿ ಅಂತ ಬೀಗರು ಹಿಂದ ಸರದ್ರ ಏನ್ ಮಾಡ್ಲಿ?"

ತೆಗೆದ ಕಡೆಗೆ ಬರೇ ಹತ್ತಿ ತುಂಬಿದರೆ ಹಗುರವಾಗಿ ಆ ಕಡೆಯ ಭುಜ ಮೇಲೇಳುತ್ತಿತ್ತು. ಕೊನೆಗೆ ತೆಳು ಮಲ್ ಬಟ್ಟೆಯ ಚೀಲದಲ್ಲಿ ಸಾಸಿವೆ ತುಂಬಿ, ಸುತ್ತ ಹತ್ತಿ ಇಟ್ಟು, ಜಂಪರಿನ ಒಳಗೆ ಕಿಸೆ ಮಾಡಿ ಕೂರಿಸಿದೆ. ಸರಿಯಾಗುವ ತನಕ ಮಾಡಿ, ಬಿಚ್ಚಿ, ಮತ್ತೆ ಮಾಡಿದೆವು. ಪ್ರತಿ ಸಲ ಎದುರಿನಿಂದ, ಪಕ್ಕದಿಂದ, ತೋಳು ಎತ್ತಿಸಿ ಫೋಟೋ ತೆಗೆಯುತ್ತಿದ್ದೆ. ತನ್ನ ಫೋನಿಗೆ ಒಂದನ್ನೂ ಕಳಿಸಬೇಡಿ, ಮಕ್ಕಳು ನೋಡುತ್ತಾರೆ ಎಂದಳು. ಹಾಗಾಗಿ ಅವು ಇದ್ದದ್ದು ನನ್ನ ಹತ್ತಿರ ಮಾತ್ರ.

ಈಗ ಆ್ಯಪುಗಳ ವಿಷಯಕ್ಕೆ ಬರುತ್ತೇನೆ. ನನ್ನ ಫೋನನ್ನು ನಾನು ಕನ್ನಡಕ್ಕೆ ಹಾಕಿಸಿಕೊಂಡಿದ್ದೇನೆ, ಅದು ಕೇಳಿದ್ದನ್ನೆಲ್ಲ ನಿಧಾನಕ್ಕೆ ಓದುತ್ತೇನೆ. ಒಮ್ಮೆ ಇಂಚನ್ನು ಸೆಂಟಿಮೀಟರ್ ಮಾಡುವ ಆ್ಯಪ್ ಹಾಕಿಕೊಳ್ಳಲು ಹೋದೆ. ಅದು ನನ್ನ ಸಂಪರ್ಕಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಇಂಚಿನ ಲೆಕ್ಕಕ್ಕೆ ನಮ್ಮ ಬೀಗರ ನಂಬರ್ ಯಾಕಪ್ಪಾ ಬೇಕು? ನನಗೆ ನಗುವೂ ಬಂತು, ಸಿಟ್ಟೂ ಬಂತು. ಅನುಮತಿಸಬೇಡಿ ಎಂಬುದನ್ನು ಒತ್ತಿದೆ. ಆದರೂ ಲೆಕ್ಕ ಸರಿಯಾಗೇ ಮಾಡಿಕೊಟ್ಟಿತು. ಅಂದರೆ ಅದಕ್ಕೆ ಬೇಕಾಗಿರಲೇ ಇಲ್ಲ, ಸುಮ್ಮನೆ ಕೇಳಿ ನೋಡಿತ್ತು. ಅವತ್ತಿನಿಂದ ಪ್ರತಿ ಆ್ಯಪಿಗೂ ನನ್ನದು ಒಂದೇ ಪ್ರಶ್ನೆ. ನೀನು ಬಂದ ಕೆಲಸಕ್ಕೆ ಇದು ಬೇಕೋ ಬೇಡವೋ?

ಜಂಪರಿನ ಒಳಗೆ ಹಚ್ಚುವ ಅಸ್ತರ, ಲೇಸು, ಹುಕ್ಕು, ಖಣದ ಬಟ್ಟೆ ಎಲ್ಲವನ್ನೂ ನಾನು ಹುಬ್ಬಳ್ಳಿಯ ಒಬ್ಬ ಸಾಹುಕಾರರ ಅಂಗಡಿಯಿಂದಲೇ ತರಿಸುತ್ತಿದ್ದೆ. ಲಗ್ನದ ಸೀರೆ ಕೊಂಡವರನ್ನು ಅವರು ನನ್ನ ಹತ್ತಿರ ಹೊಲಿಗೆಗೆ ಕಳಿಸುತ್ತಿದ್ದರು. ನನ್ನ ಅರ್ಧ ಸಂಸಾರ ಅದರ ಮೇಲೆ ನಡೆಯುತ್ತಿತ್ತು. ಅವರ ಮಗ ಅಂಗಡಿಗೆ ಬಂದ ಮೇಲೆ ಒಂದು ಆ್ಯಪ್ ಮಾಡಿಸಿದ. ಇನ್ನು ಮುಂದೆ ಆರ್ಡರೂ ಅದರಲ್ಲೇ, ಲಗ್ನದ ಕೆಲಸವೂ ಅದರಲ್ಲೇ ಎಂದು ಎಲ್ಲ ಹೊಲಿಗೆಯವರನ್ನು ಕರೆದರು. ಅಂಗಡಿಯ ಮಹಡಿಯ ಮೇಲೆ ಜಮಖಾನೆ ಹಾಸಿ, ಗಿರ್ಮಿಟ್ ಮತ್ತು ಚಹಾ ಕೊಟ್ಟರು. ಗರಗದಿಂದ ಬಂದ ಒಬ್ಬ ಹೊಲಿಗೆಯಾಕೆ ನನ್ನ ಪಕ್ಕ ಕುಳಿತಿದ್ದಳು.

"ಎಲ್ಲಾರೂ ಫೋನ್ ಇಲ್ಲೆ ಕೊಡ್ರಿ, ನಾನಽ ಹಾಕಿ ಕೊಡ್ತೇನಿ," ಎಂದ ಮಗ.

ಎಲ್ಲರೂ ಕೊಟ್ಟರು. ಯಾಕೆ ಕೊಡುವುದಿಲ್ಲ? ಬಾಗಿಲಲ್ಲಿ ಯಾರಾದರೂ ನಿಂತು 'ಬರ್ಲೇನ್ರಿ' ಎಂದರೆ ಯಾರೆಂದು ನೋಡುವ ಮೊದಲೇ 'ಬರ್ರಿ, ಒಳಗ ಬರ್ರಿ' ಎನ್ನುವ ಊರು ನಮ್ಮದು. ಮೇಲೆ ಅವರ ಗಿರ್ಮಿಟ್ ಬೇರೆ ತಿಂದಾಗಿತ್ತು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತವರು ನಾವು. ಆದರೆ ಇಲ್ಲಿ ಜಂತೆ ಎಣಿಸಲು ಹೊರಟಿದ್ದವನು ಉಣ್ಣಿಸಿದವನೇ. ಅವನು ಒಂದೊಂದೇ ಫೋನು ಎತ್ತಿಕೊಂಡು ಅನುಮತಿಸಿ, ಅನುಮತಿಸಿ ಎಂದು ಒತ್ತುತ್ತ ಹೋದ. ಫೋನಿನ ಒಡತಿಯರು ಚಹಾ ಕುಡಿಯುತ್ತಿದ್ದರು.

ನನ್ನ ಸರದಿ ಬಂತು. "ನನ್ನ ಫೋನ್ ನಾನಽ ಒತ್ತತೇನಿ, ಲಿಂಕ್ ಅಷ್ಟ ಕಳಸ್ರಿ," ಎಂದೆ.

ಇದು ಅಪರಿಚಿತ ಮೂಲದ ಆ್ಯಪ್ ಎಂದು ಫೋನು ಮೊದಲೇ ಎಚ್ಚರಿಸಿತು. ಆ್ಯಪ್ ಸ್ಟೋರಿನಲ್ಲಿ ಇನ್ನೂ ಹಾಕಿಲ್ಲ, ಸುಮ್ಮನೆ ಮುಂದೆ ಹೋಗಿ ಎಂದ ಮಗ. ಸಾಹುಕಾರರ ಮುಖ ನೋಡಿ ಅದನ್ನು ದಾಟಿದೆ. ನಾನಿರುವ ಸ್ಥಳ ಕೇಳಿತು. ಮಾಲು ಕಳಿಸಲು ಬೇಕಾದೀತು ಎಂದು, ಆ್ಯಪ್ ಬಳಸುವಾಗ ಮಾತ್ರ ಎಂಬುದನ್ನು ಒತ್ತಿದೆ. ಸಂಪರ್ಕಗಳನ್ನು ಕೇಳಿತು. ಬೇಡ ಎಂದೆ. ಮೈಕು ಕೇಳಿತು. ಅಸ್ತರಕ್ಕೆ ನನ್ನ ಮಾತು ಕೇಳಿಸಿಕೊಳ್ಳುವ ಕೆಲಸವೇನು? ಬೇಡ ಎಂದೆ. ಆಮೇಲೆ ಫೋಟೋ ಕೇಳಿತು. ಎಲ್ಲವನ್ನೂ ಕೊಡುವುದೋ, ಆರಿಸಿದಷ್ಟು ಕೊಡುವುದೋ, ಏನೂ ಕೊಡದಿರುವುದೋ ಎಂದು ಫೋನೇ ಮೂರು ದಾರಿ ತೋರಿಸಿತ್ತು. ನಾನು ಒಂದು ಲೇಸಿನ ಫೋಟೋ ಆರಿಸಿ ಕೊಟ್ಟೆ. ಎಲ್ಲ ಅನುಮತಿ ಕೊಟ್ಟರೆ ಮಾತ್ರ ನಡೆಯುತ್ತೇನೆ ಎಂದು ಆ್ಯಪ್ ಬಾಗಿಲು ಹಾಕಿಕೊಂಡಿತು.

"ಎಲ್ಲಾ ಕೊಡಬೇಕ್ರಿ ಅಕ್ಕಾರ. ಇಲ್ಲಂದ್ರ ಚಾಲೂ ಆಗೂದಿಲ್ಲ," ಎಂದ ಮಗ.

"ಯಾಕ್ರಿ ಎಲ್ಲಾ? ಡಿಸೈನ್ ಕಳಿಸಾಕ ಒಂದು ಫೋಟೋ ಸಾಕಲ್ಲ?"

"ಹಂಗಽ ಮಾಡಿಸೇವ್ರಿ. ಎಲ್ಲಾರೂ ಕೊಟ್ಟಾರ. ನಿಮ್ಮ ಫೋನಿನ್ಯಾಗ ಅಂಥಾ ಮುಚ್ಚಿಡೂದು ಏನೈತ್ರಿ?"

ಸುತ್ತಲಿನವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ಮುಚ್ಚೂದಽ ನನ್ನ ಕೆಲಸ್ರಿ ತಮ್ಮಾ. ಜಂಪರ್ ಹೊಲಿಯೂದು ಅಂದ್ರ ಏನಂತ ತಿಳದೀರಿ? ನಿಮ್ಮ ಮನ್ಯಾಗಿನ ಹೆಣ್ಮಕ್ಳು ನನ್ನ ಕಡೆ ಜಂಪರ್ ಹೊಲಸಾಕ ಬಂದಾಗ ನಾ ಕಾಲಿನ ಅಳತಿ ಕೇಳಿದ್ರ ಸುಮ್ನ ಇರ್ತೀರೇನು? ನೀವು ಈಗ ಅದನ್ನಽ ಕೇಳಾಕತ್ತೀರಿ."

ನಗು ನಿಂತಿತು. ಆಗ ಸಾಹುಕಾರರು ಗಾದಿಯಿಂದ ಎದ್ದು ಬಂದರು. ಒಳ್ಳೆಯ ಮನುಷ್ಯ. ಅವರಿಗೆ ಎದುರು ಆಡುವುದು ನನಗೆ ನಿಜವಾಗಿ ಕಷ್ಟವಾಯಿತು.

"ಇಷ್ಟು ವರ್ಷದ ವ್ಯವಹಾರ, ತಂಗಿ. ನನ್ನ ಮ್ಯಾಲೆ ನಂಬಿಗಿ ಇಲ್ಲೇನು?"

"ನಿಮ್ಮ ಮ್ಯಾಲೆ ಐತ್ರಿ ಸಾಹುಕಾರ್ರ. ನೀವು ನನ್ನ ಮನೀಗೆ ಬಂದ್ರ ಕುರ್ಚಿ ಹಾಕಿ ಚಾ ಕೊಡ್ತೇನಿ. ಆದ್ರ ಪರದೆ ಒಳಗ ಬಿಡೂದಿಲ್ರಿ."

ಅವರ ಎದುರಿಗೇ ಆ ಆ್ಯಪನ್ನು ತೆಗೆದುಹಾಕಿ, ಚೀಲ ಎತ್ತಿಕೊಂಡು ಇಳಿದು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆ ಸೀಜನ್ನಿನಲ್ಲಿ ಅಂಗಡಿಯಿಂದ ಒಂದೂ ಲಗ್ನದ ಕೆಲಸ ಬರಲಿಲ್ಲ. ಅಸ್ತರವನ್ನು ಬೇರೆ ಕಡೆ ಹುಡುಕಿ, ಗಂಟು ಹೊತ್ತು ನಾನೇ ತಂದೆ. ಯಜಮಾನರು ಒಂದು ದಿನ ಊಟಕ್ಕೆ ಕುಳಿತಾಗ, "ಒಂದು ಹ್ಞೂಂ ಅಂದಿದ್ರ ಏನ್ ಗಂಟು ಹೋಗತಿತ್ತು?" ಎಂದರು. ಯಾರ ಗಂಟು ಎಂದು ಅವರಿಗೆ ಹೇಳುವಂತಿರಲಿಲ್ಲ. "ಹೋಗೂದು ನನ್ನದಲ್ಲ," ಎಂದಷ್ಟೇ ಹೇಳಿ ಇನ್ನೊಂದು ರೊಟ್ಟಿ ಹಾಕಿದೆ. ಅವರು ಮತ್ತೆ ಕೇಳಲಿಲ್ಲ. ಪುಣ್ಯಕ್ಕೆ ಅವರಿಗೆ ಪರದೆಯ ಈಚೆಗೇ ನಿಂತು ಕೆಮ್ಮುವ ರೂಢಿ ಇದೆ.

ಸೀಜನ್ ಮುಗಿಯುವ ಹೊತ್ತಿಗೆ ಗರಗದ ಹೊಲಿಗೆಯಾಕೆ ಅಳುತ್ತ ಫೋನು ಮಾಡಿದಳು. ಆ್ಯಪಿನಲ್ಲಿ 'ಹೊಸ ಡಿಸೈನುಗಳು' ಎಂದು ಅಂಗಡಿಯ ಗಿರಾಕಿಗಳಿಗೂ ಕಾಣುವ ಒಂದು ಪುಟ ತೆರೆದಿತ್ತು. ಅದರಲ್ಲಿ ಅವಳ ಗಿರಾಕಿಯೊಬ್ಬಳ ಬೆನ್ನಿನ ಫೋಟೋ ಇತ್ತು. ಭುಜದ ಮೇಲಿನ ಮಚ್ಚೆ ನೋಡಿ ಆ ಗಿರಾಕಿಯ ನಾದಿನಿಯೇ ಗುರುತು ಹಿಡಿದಿದ್ದಳು.

"ನಾ ಏನೂ ಕಳಿಸಿಲ್ರಿ ಅಕ್ಕಾರ, ದೇವರಾಣಿ."

ಅವಳು ಕಳಿಸಿರಲಿಲ್ಲ, ಖರೇ. ಎಲ್ಲ ಫೋಟೋಗೂ ಅನುಮತಿ ಸಿಕ್ಕ ಮೇಲೆ ಆ್ಯಪ್ ತಾನೇ ಎತ್ತಿಕೊಂಡಿತ್ತು. ಸೆಟ್ಟಿಂಗಿಗೆ ಹೋಗಿ ಅನುಮತಿ ತೆಗೆಯುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಆದರೆ ಬಾಗಿಲು ಹಾಕಿಕೊಂಡರೆ ಹೋದ ಸಾಮಾನು ತಿರುಗಿ ಬರುತ್ತದೆಯೇ? ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಅಲ್ಲಿ ನಾನು ಮಾಡಿದ ಜಗಳವನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವಂಥ ಭಾಷೆಯಲ್ಲಿ ಅದು ಇರಲಿಲ್ಲ. ಮಗ ಏನೋ ತಪ್ಪಾಗಿದೆ ಎಂದು ತೊದಲಿದ. ಇಡೀ ಪುಟ ತೆಗೆಸುವ ತನಕ ನಾವು ಅಲ್ಲಿಂದ ಏಳಲಿಲ್ಲ.

ಸುದ್ದಿ ಊರು ತುಂಬಿತು. ಒಂದು ಮಧ್ಯಾಹ್ನ ಗಬ್ಬೂರಿನಾಕೆ ಬಂದಳು. ಚಪ್ಪಲಿ ಸಹ ಬಿಡದೆ ಹೊಸ್ತಿಲಲ್ಲೇ ನಿಂತಳು. ಮುಖ ಬಿಳಿಚಿಕೊಂಡಿತ್ತು. ಆ ತಿಂಗಳೇ ಮಗಳ ನಿಶ್ಚಯ ಇತ್ತು.

"ಅಕ್ಕಾರ, ನನ್ನವು?"

"ಎಲ್ಲೂ ಹೋಗಿಲ್ರಿ. ನನ್ನ ಮಾತು ನಂಬಬ್ಯಾಡ್ರಿ, ನೀವಽ ನೋಡ್ರಿ," ಎಂದು ಪರದೆ ಎಳೆದು ಫೋನು ಅವಳ ಕೈಗೆ ಕೊಟ್ಟೆ. ಯಾವ ಆ್ಯಪಿಗೆ ಫೋಟೋ ನೋಡುವ ಅನುಮತಿ ಇದೆ ಎಂಬ ಜಾಗ ತೆರೆದು ತೋರಿಸಿದೆ. ಒಂದೊಂದಾಗಿ ಎಲ್ಲ ನೋಡಿದಳು. ಉಸಿರು ಬಿಟ್ಟಳು. ಆಮೇಲೆ ತನ್ನ ಫೋಟೋಗಳನ್ನು ತೆರೆದಳು. ಅವನ್ನು ಆಕೆ ಅಲ್ಲಿಯವರೆಗೆ ನೋಡಿರಲೇ ಇಲ್ಲ. ನಾನು ಬೇರೆ ಕಡೆ ಮುಖ ಮಾಡಿದೆ.

ಒಂದೊಂದೇ ಅಳಿಸುತ್ತ ಬಂದಳು. ಸರಿಯಾಗಿ ಕೂತ ಜಂಪರ್ ತೊಟ್ಟು ತೋಳೆತ್ತಿ ನಿಂತ ಕೊನೆಯದೊಂದರ ಮೇಲೆ ಬೆರಳು ನಿಂತಿತು. ಅದರಲ್ಲಿ ಮುಖ ಇರಲಿಲ್ಲ, ಕುತ್ತಿಗೆಯಿಂದ ಕೆಳಗೆ ಮಾತ್ರ.

"ಅದನ್ನೂ ತಗೀರಿ," ಎಂದೆ. "ನನಗ ಬೇಕಾಗಿಲ್ಲ."

"ಇದು ಇರ್ಲಿ." ಫೋನನ್ನು ನನ್ನ ಕೈಗೆ ಮರಳಿ ಇಟ್ಟು, "ದವಾಖಾನ್ಯಾಗ ಒಬ್ಬಾಕಿ ಪರಿಚಯ ಆಗ್ಯಾಳ್ರಿ. ಆಪರೇಶನ್ ಆದಾಗಿಂದ ಮನಿ ಬಿಟ್ಟು ಹೊರಗ ಬಂದಿಲ್ಲ. ನಿಮ್ಮ ಕಡೆ ಕಳಸ್ತೇನಿ. ಆಕೀಗೆ ಇದನ್ನ ತೋರಸ್ರಿ. ಆಕಿಗಷ್ಟ, ಮತ್ತ ಯಾರಿಗೂ ಅಲ್ಲ," ಎಂದಳು.

ಆಗಲೆಂದು ತಲೆ ಆಡಿಸಿದೆ. ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಆಕೆಯನ್ನೇ ಕೇಳಿದೆ. ಮಗಳ ಲಗ್ನ ಆಯಿತು, ಬರೀರಿ ಎಂದಳು.

ಆ ಇನ್ನೊಬ್ಬಾಕೆ ಗಂಡನ ಜೊತೆ ಆಟೋದಲ್ಲಿ ಬಂದಳು. ಗಂಡನನ್ನು ಪಡಸಾಲೆಯಲ್ಲಿ ಕೂರಿಸಿ, ಪರದೆ ಎಳೆದು, ಆ ಒಂದು ಫೋಟೋ ಮಾತ್ರ ತೆರೆದು ಮುಂದೆ ಹಿಡಿದೆ. ಕಣ್ಣಿಗೆ ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು.

"ಅಕ್ಕಾರ, ಇಕೀಗೆ ಯಾವ ಕಡೆ ತಗದಾರ್ರಿ? ನನಗ ಗೊತ್ತಾಗವಲ್ದು."

"ಅದನ್ನ ಹೇಳ್ರಿ ಅಂತ ಆಕಿ ನನಗ ಹೇಳಿಲ್ರಿ," ಎಂದು ಫೋನು ತೆಗೆದಿಟ್ಟು, ಅಳತೆಯ ಟೇಪು ಕೈಗೆ ತೆಗೆದುಕೊಂಡೆ.