ಬಾಲ್ದಿಯ ತಳ ನೋಡಿದ ವೈದ್ಯರು

ಕರಾವಳಿಯ ಹಸುಗಳು ಹೊತ್ತಿಗೆ ಸರಿಯಾಗಿ ಬೆದೆಗೆ ಬಾರದಿರುವುದಕ್ಕೆ ಮೇವಿನಲ್ಲಿಯೇ ಕಾರಣ ಹುಡುಕಿದ ಪಶುವೈದ್ಯರಲ್ಲಿ ಡಾ. ಗೋವರ್ಧನ ಹಂದೆಯವರದು ಎದ್ದು ಕಾಣುವ ಹೆಸರು. ೧೯೯೭ರಲ್ಲಿ ಘಟ್ಟದ ಮೇಲಿನಿಂದ ಬ್ರಹ್ಮಾವರಕ್ಕೆ ವರ್ಗವಾಗಿ ಬಂದು, ಮುಂದೆ ಕೋಟ, ಬೈಂದೂರುಗಳಲ್ಲಿ ದುಡಿದು ಈಗ ನಿವೃತ್ತರಾಗುತ್ತಿರುವ ಅವರ ಕೈಕೆಳಗೆ ಕೆಲಸ ಕಲಿತವನು ನಾನು.

ಮಳೆಗೆ ತೊಳೆದುಹೋದ ನಮ್ಮ ಮಣ್ಣಿನ ಹುಲ್ಲಿನಲ್ಲಿ ರಂಜಕ, ತಾಮ್ರ ಕಡಿಮೆ. ಅವಿಲ್ಲದೆ ಹಸುವಿನ ಮೈಯಲ್ಲಿ ಹಾರ್ಮೋನುಗಳು ಹದವಾಗಿ ಹುಟ್ಟವು, ಗರ್ಭ ನಿಲ್ಲದು, ಅದಕ್ಕೆ ಖನಿಜದ ಪುಡಿ ತಿನ್ನಿಸಬೇಕು ಎಂದು ಹಾಲಿನ ಸಂಘದ ಸಭೆಗಳಲ್ಲಿ ಅವರು ವಿವರಿಸುತ್ತಿದ್ದರು. ತುಸು ಉದ್ದವಾಗಿಯೇ ವಿವರಿಸುತ್ತಿದ್ದರು. ಹಿಂದೆ ಕುಳಿತವರು ಕ್ಯಾನು ಹಿಡಿದು ಮೆಲ್ಲನೆ ಜಾರುತ್ತಿದ್ದುದೂ ಉಂಟು. ದನದ ಹಟ್ಟಿಗೆ ಹೋದರೆ ಮಾತ್ರ ಅವರು ಮಾತು ಬಿಟ್ಟು ನೋಡುತ್ತ ನಿಲ್ಲುತ್ತಿದ್ದರು.

೨೦೦೩ರ ಮಳೆಗಾಲದಲ್ಲಿ ಸಾಲಿಗ್ರಾಮದ ಹತ್ತಿರದ ಗಿರಿಜಕ್ಕನ ಹಟ್ಟಿಗೆ ಹೋಗಿದ್ದೆವು. ಹಳೆಯ ಹಸು ಸತ್ತು, ಉಳಿದದ್ದು ಅದರ ಮಗಳು, ಇನ್ನೂ ಕರು ಹಾಕದ ಗಡಸೊಂದೇ. ವಯಸ್ಸು ಮೀರಿದರೂ ಅದು ಬೆದೆಗೆ ಬಂದಿರಲಿಲ್ಲ. ಗಂಡ ಚಂದಯ್ಯನವರು ಮಾರುವುದಕ್ಕೆ ವ್ಯಾಪಾರಿಯೊಡನೆ ಮಾತಾಡಿ ಆಗಿತ್ತು. ಅದು ಹೋದರೆ ಗಿರಿಜಕ್ಕನ ಹೈನು ಅಲ್ಲಿಗೇ ಮುಗಿಯುತ್ತಿತ್ತು.

"ಒಂದ್ ಹಾರ್ಮೋನ್ ಇಂಜೆಕ್ಷನ್ ಕೊಟ್ ಬಿಡಿ, ಡಾಕ್ಟ್ರೇ. ಪುಡಿ ಹಾಕುಕೆ ಸುರು ಮಾಡಿ ವರ್ಷಾಯ್ತ್, ಎಂತ ಗುಣವೂ ಇಲ್ಲ" ಎಂದರು ಚಂದಯ್ಯನವರು.

ಡಾಕ್ಟರರು ಸೂಜಿ ತೆಗೆಯಲಿಲ್ಲ. ದಿನವೂ ಕೊಡುವಂತೆಯೇ ಅಕ್ಕಚ್ಚು ಕೊಡಲು ಹೇಳಿದರು. ಗಿರಿಜಕ್ಕ ಅಕ್ಕಿ ತೊಳೆದ ನೀರಿನ ಬಾಲ್ದಿಗೆ ಖನಿಜದ ಪುಡಿ ಸುರಿದು ಕಲಕಿದರು. ಗಡಸು ಮೇಲಿನ ತೆಳಿ ಹೀರಿ ತಲೆಯೆತ್ತಿತು. ಉಳಿದದ್ದನ್ನು ಎಂದಿನಂತೆ ತೆಂಗಿನ ಬುಡಕ್ಕೆ ಚೆಲ್ಲಲು ಹೊರಟ ಗಿರಿಜಕ್ಕನನ್ನು ತಡೆದು, ಡಾಕ್ಟರರು ತಳಕ್ಕೆ ಕೈ ಹಾಕಿದರು. ಬೂದು ಬಣ್ಣದ ಮಡ್ಡಿ ಮುಷ್ಟಿ ತುಂಬ ಬಂತು.

"ಗಿರಿಜಕ್ಕ, ವರ್ಷದಿಂದ ಪುಡಿ ತಿಂಬ್ದ್ ತೆಂಗಿನ ಮರ ಕಾಣಿ. ಬೆದಿಗೆ ಬಪ್ದಾರೆ ಅದೇ ಬರ್ಕ್!"

"ಅಯ್ಯೋ ದೇವ್ರೇ, ಅದ್ಕೇ ಅಲ್ದಾ ಆ ಮರ ಹಾಂಗ್ ಕಾಯಿ ಬಿಟ್ಟದ್ದ್!"

ನಗು ಅಡಗಿದ ಮೇಲೆ, ತೌಡು, ಹಿಂಡಿಯೊಂದಿಗೆ ಪುಡಿಯನ್ನು ಕಲಸಿ ಉಂಡೆ ಕಟ್ಟುವುದನ್ನು ಡಾಕ್ಟರರು ತಾವೇ ಕುಕ್ಕರುಗಾಲಲ್ಲಿ ಕುಳಿತು ತೋರಿಸಿಕೊಟ್ಟರು. ದೀಪಾವಳಿಯವರೆಗೆ ವ್ಯಾಪಾರಿಯನ್ನು ತಡೆಯಬೇಕೆಂದು ಚಂದಯ್ಯನವರನ್ನು ಕೇಳಿಕೊಂಡರು.

"ಅಷ್ಟ್ರೊಳಗೆ ಆಯ್ಲಿಲ್ದಿರೆ?"

"ಆಯ್ಲಿಲ್ದಿರೆ ಕೊಡಿ ಅಂದ್ಹೇಳಿ ನಾನೇ ಹೇಳ್ತೆ."

ಹುಸಿ ಭರವಸೆ ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ. ಆದರೆ ಅಲ್ಲಿಂದ ಮುಂದೆ ವಾರಕ್ಕೊಮ್ಮೆ, ಮನೆಗೆ ಹೋಗುವ ಬಸ್ಸಿನಿಂದ ಸಾಲಿಗ್ರಾಮದಲ್ಲಿ ಇಳಿದು ಆ ಗಡಸನ್ನು ನೋಡಿಯೇ ಹೋಗುತ್ತಿದ್ದರು. ಹಬ್ಬಕ್ಕೆ ಮೊದಲೇ ಅದು ಬೆದೆಗೆ ಬಂದು ಕೂಗಿತು. ಮೊದಲ ಸಲದ ಕೃತಕ ಗರ್ಭಧಾರಣೆಯಲ್ಲಿ ಗರ್ಭ ನಿಲ್ಲಲಿಲ್ಲ. ಚಂದಯ್ಯನವರು ವ್ಯಾಪಾರಿಗೆ ಮತ್ತೆ ಹೇಳಿ ಕಳಿಸಿದರು. ಡಾಕ್ಟರರು ವಾದಿಸದೆ ಇನ್ನೊಂದು ಬೆದೆಯ ಅವಕಾಶವನ್ನಷ್ಟೇ ಬೇಡಿದರು. ಆ ಸಲ ನಿಂತಿತು. ಗಬ್ಬವೆಂದು ಖಚಿತವಾದ ದಿನ ವ್ಯಾಪಾರಿಗೆ ಬರಬೇಡವೆಂದು ಹೇಳಲು ಸೈಕಲ್ ಹತ್ತಿದವರು ಚಂದಯ್ಯನವರೇ.

ಈ ಲೇಖನಕ್ಕಾಗಿ ಮೊನ್ನೆ ಆ ಮನೆಗೆ ಹೋಗಿದ್ದೆ. ಆ ಗಡಸಿನ ಮೊಮ್ಮಗಳು ಈಗ ಚೊಚ್ಚಲ ಗಬ್ಬ. ನಿವೃತ್ತಿಯ ಸುದ್ದಿ ಹೇಳಿದೆ. ಗಿರಿಜಕ್ಕ ಹಿಂಡಿ ಕಲಸುತ್ತಲೇ, "ಆಯ್ಲಿ, ಡಾಕ್ಟ್ರಿಗ್ ಇನ್ ಪುರ್ಸೊತ್ ಆಯ್ತಲೆ. ಇದ್ ಕರು ಹಾಕುವತ್ತಿಗೆ ಬತ್ತೆ ಅಂದಿದ್ರ್" ಎಂದರು.

ನಮ್ಮ ಹಟ್ಟಿಗಳ ಬಾಗಿಲು ತಗ್ಗು. ಅವನ್ನು ಬಗ್ಗಿ ದಾಟುವ ಆ ಬೆನ್ನು ಇನ್ನೂ ಬಹುಕಾಲ ಗಟ್ಟಿಯಾಗಿರಲಿ.